ಮನೆಯಲ್ಲೊಂದು ಸರ್ವರ್, ಬೀದಿಗೆ ಬಾಗಿಲು ತೆರೆಯದೆ

ಈ ಬರಹದಲ್ಲಿ ನಿಮ್ಮ ರೂಟರ್‌ನ ಒಂದೇ ಒಂದು ಪೋರ್ಟನ್ನೂ, ಅಂದರೆ ಇಂಟರ್ನೆಟ್ಟಿನಿಂದ ಒಳಗೆ ಬರುವ ಬಾಗಿಲನ್ನೂ, ತೆರೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮನೆಯಲ್ಲಿ ಸರ್ವರ್ (ನಮ್ಮ ಫೋಟೋ, ಕಾಗದಪತ್ರ ಇಟ್ಟು ಫೋನಿಗೆ ಕೊಡುವ, ಸದಾ ಆನ್ ಇರುವ ಕಂಪ್ಯೂಟರ್) ಇಡುವುದು ಹೇಗೆ ಅಂತ ಹುಡುಕಿದರೆ ಸಿಗುವ ಎಷ್ಟೋ ವಿಡಿಯೋಗಳು "ಈಗ ಪೋರ್ಟ್ ಫಾರ್ವರ್ಡ್ ಮಾಡಿ" ಅನ್ನುವಲ್ಲಿಗೇ ಬಂದು ನಿಲ್ಲುತ್ತವೆ. ನಾನೂ ಹಾಗೇ ಶುರು ಮಾಡಿದ್ದೆ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಆಫೀಸಿನಿಂದ ಲಾಗಿನ್ ಆಗೋಣ ಅಂತ 22ನೇ ಪೋರ್ಟನ್ನು (ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಬಾಗಿಲು) ಹೊರಗೆ ಬಿಟ್ಟು, ಟೆಸ್ಟ್ ಅಂತ ಒಂದು ಯೂಸರ್ ಮಾಡಿ, ಅದಕ್ಕೆ ಟೆಸ್ಟ್123 ಅಂತ ಪಾಸ್‌ವರ್ಡ್ ಕೊಟ್ಟು, ಆಮೇಲೆ ತೆಗೆದರಾಯ್ತು ಅಂದುಕೊಂಡು ಮರೆತುಬಿಟ್ಟೆ. ಎರಡನೇ ರಾತ್ರಿ ಲ್ಯಾಪ್‌ಟಾಪಿನ ಫ್ಯಾನ್ ಮಿಕ್ಸಿ ಥರ ಕೂಗುತ್ತಿತ್ತು. ನೋಡಿದರೆ ಯಾವುದೋ ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಒಳಗೆ ಹೊಕ್ಕು, ನನ್ನ ಕರೆಂಟಿನಲ್ಲಿ ಇನ್ಯಾರಿಗೋ ಕ್ರಿಪ್ಟೋ ನಾಣ್ಯ ಅಗೆದು ಕೊಡುತ್ತಿತ್ತು.

"ನನ್ನ ಮನೆಯ ಐಪಿ, ಅಂದರೆ ಇಂಟರ್ನೆಟ್ ವಿಳಾಸ, ಯಾರಿಗೆ ಗೊತ್ತಿರುತ್ತೆ" ಅನ್ನುವ ಧೈರ್ಯ ಬೇಡ. ಯಾರಿಗೂ ಗೊತ್ತಿರಬೇಕಾಗಿಲ್ಲ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಝೆಡ್‌ಮ್ಯಾಪ್ ಅನ್ನುವ ಸಾಧನ ತಂದರು. ಒಂದು ಸಾಮಾನ್ಯ ಕಂಪ್ಯೂಟರ್ ಮತ್ತು ಗಿಗಾಬಿಟ್ ಲೈನ್ ಇದ್ದರೆ ಇಡೀ ಐಪಿವಿ4 (ಹಳೇ ಮಾದರಿಯ ವಿಳಾಸಗಳ) ಇಂಟರ್ನೆಟ್ಟಿನ ಪ್ರತಿ ವಿಳಾಸದಲ್ಲೂ ಒಂದು ಪೋರ್ಟ್ ತೆರೆದಿದೆಯಾ ಅಂತ ಅದು 45 ನಿಮಿಷದೊಳಗೆ ತಟ್ಟಿ ನೋಡಿ ಬರುತ್ತಿತ್ತು. 22ರ ಬದಲು 2222 ಅಂತ ಪೋರ್ಟ್ ಬದಲಾಯಿಸಿದರೆ ಲಾಗ್‌ನಲ್ಲಿ ಗಲಾಟೆ ಕಡಿಮೆಯಾಗುತ್ತದೆ, ಅಷ್ಟೇ.

ಹಾಗಾಗಿ ನಮ್ಮ ದಾರಿ ಹೀಗೆ: ಹೊರಗಿನವರಿಗೆ ಸರ್ವರ್ ಕಾಣಲೇಬಾರದು, ಮನೆಯವರ ಫೋನಿಗೆ ಮಾತ್ರ ಕಾಣಬೇಕು. ಓಡಿಸುವುದು ಎರಡೋ ಮೂರೋ ಸೇವೆ, ಅವೂ ನಾಳೆ ಯಂತ್ರ ಸುಟ್ಟುಹೋದರೆ ಮತ್ತೆ ಎಬ್ಬಿಸಲು ಬರುವಂಥವು. ಲಿನಕ್ಸ್ ಟರ್ಮಿನಲ್‌ನಲ್ಲಿ ನಾಲ್ಕು ಸಾಲು ಟೈಪ್ ಮಾಡಲು ಅಂಜಿಕೆ ಇಲ್ಲದವರಿಗೆ ಈ ಬರಹ. ನಿಖರವಾದ ಕಮಾಂಡುಗಳನ್ನು ಆಯಾ ಸಾಫ್ಟ್‌ವೇರಿನ ಅಧಿಕೃತ ಪುಟದಿಂದಲೇ ತೆಗೆದುಕೊಳ್ಳಿ. ಎಲ್ಲಿ ಎಡವುತ್ತೀರಿ ಅನ್ನುವುದನ್ನು ನಾನು ಹೇಳುತ್ತೇನೆ.

ಏನಿಡಬೇಕು, ಏನು ಬೇಡ

ಫೋಟೋದಿಂದ ಶುರು ಮಾಡಿ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಆಮೇಲೆ ಮೇಲ್, ಡ್ರೈವ್, ಫೋಟೋ ಎಲ್ಲಾ ಸೇರಿ 15 ಜಿಬಿ. ಮಗು ಹುಟ್ಟಿದ ಮನೆಯಲ್ಲಿ 15 ಜಿಬಿ ಎಷ್ಟು ದಿನ ಬರುತ್ತೆ ಹೇಳಿ. ಇಮಿಚ್ ಅನ್ನುವ ಮುಕ್ತ ಸಾಫ್ಟ್‌ವೇರ್ ಈ ಕೆಲಸಕ್ಕೆ ಚೆನ್ನಾಗಿದೆ. ಫೋನಿನ ಆ್ಯಪ್ ತಾನಾಗಿಯೇ ಫೋಟೋ ಏರಿಸುತ್ತದೆ, ಮುಖ ಗುರುತಿಸುತ್ತದೆ, ತಾರೀಖಿನ ಪ್ರಕಾರ ತೋರಿಸುತ್ತದೆ.

ಎರಡನೆಯದು ಪೇಪರ್‌ಲೆಸ್ ಎನ್‌ಜಿಎಕ್ಸ್. ಬಿಲ್ಲು, ವಿಮೆ, ಖಾತಾ, ಪಹಣಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಹಾಕಿದರೆ ಒಳಗಿನ ಅಕ್ಷರ ಓದಿ ಹುಡುಕಲು ಕೊಡುತ್ತದೆ. ಅಕ್ಷರ ಓದುವ ಕೆಲಸ ಮಾಡುವುದು ಟೆಸೆರಾಕ್ಟ್. ಅದಕ್ಕೆ ಕನ್ನಡ ಬರುತ್ತದೆ, ಆದರೆ ಮೊದಲಿನಿಂದ ಇರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಇಂಗ್ಲಿಷಿನ ಜೊತೆ ಕನ್ನಡವನ್ನೂ ಸೇರಿಸಬೇಕು. ಪ್ರಿಂಟಾದ ಪಹಣಿಯನ್ನು ಒಪ್ಪುವ ಹಾಗೆ ಓದುತ್ತದೆ. ತಾತನ ಕಾಲದ ಕೈಬರಹದ ಕ್ರಯಪತ್ರದ ಮುಂದೆ ಕೈ ಚೆಲ್ಲುತ್ತದೆ, ಅದು ನಮಗೂ ಓದಲು ಬರಲ್ಲ ಬಿಡಿ.

ಇಮೇಲ್ ಸರ್ವರ್ ಮಾತ್ರ ಮನೆಯಲ್ಲಿ ಬೇಡ. ಮನೆ ಲೈನುಗಳಲ್ಲಿ ಇಮೇಲ್ ಹೋಗುವ 25ನೇ ಪೋರ್ಟನ್ನು ಬಹಳ ಕಂಪನಿಗಳು ಮುಚ್ಚಿರುತ್ತವೆ. ತೆರೆದಿದ್ದರೂ ಮನೆಯ ಐಪಿಗಳನ್ನು ಸ್ಪ್ಯಾಮ್‌ಹೌಸ್‌ನಂಥ ಸ್ಪ್ಯಾಮ್ ತಡೆಯುವ ಪಟ್ಟಿಗಳು ಮೊದಲೇ ಬೇಲಿಯ ಆಚೆ ಇಟ್ಟಿರುತ್ತವೆ. ನೀವು ಕಳಿಸಿದ ಪತ್ರ ಸೇರಬೇಕಾದವರಿಗೆ ಸೇರಿತಾ ಅಂತ ಪ್ರತಿ ಸಲ ಫೋನ್ ಮಾಡಿ ಕೇಳಬೇಕಾಗುತ್ತದೆ. ಪಾಸ್‌ವರ್ಡ್ ಇಡುವ ವಾಲ್ಟ್‌ವಾರ್ಡನ್ ಒಳ್ಳೆಯದೇ, ಆದರೆ ಆರು ತಿಂಗಳು ಫೋಟೋ ಸರ್ವರ್ ನಡೆಸಿ, ಒಮ್ಮೆಯಾದರೂ ಬ್ಯಾಕಪ್‌ನಿಂದ ವಾಪಸ್ ತಂದು ನೋಡಿದ ಮೇಲೆ ಅದರ ಸಹವಾಸ ಮಾಡಿ.

ಯಂತ್ರ ಮತ್ತು ಕರೆಂಟು

ರಾಸ್‌ಬೆರಿ ಪೈ ಎಲ್ಲರಿಗೂ ಇಷ್ಟ. ಆದರೆ ಎಸ್‌ಡಿ ಕಾರ್ಡಿನ ಮೇಲೆ ಡೇಟಾಬೇಸ್ ಓಡಿಸಿದರೆ ಕಾರ್ಡು ಯಾವತ್ತೋ ಒಂದು ದಿನ ಸುಮ್ನೆ ಸತ್ತುಹೋಗುತ್ತದೆ. ಅದರ ಬದಲು ಆಫೀಸುಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತೆಗೆದುಕೊಳ್ಳಿ. ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ, ಯಾವುದಾದರೂ ಸರಿ. ಇಂಟೆಲ್ 8ನೇ ಪೀಳಿಗೆಯ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದ್ದರೆ ಸಾಕು, 16 ಇದ್ದರೆ ಆರಾಮ. ನನ್ನದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 12 ಸಾವಿರಕ್ಕೆ ಸಿಕ್ಕಿತು. ಅಂಗಡಿಯಲ್ಲೇ ಆನ್ ಮಾಡಿಸಿ ಬಯೋಸ್‌ಗೆ (ಯಂತ್ರ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ಇಲ್ಲ ಅಂತ ನೋಡಿಕೊಳ್ಳಿ. ಮನೆಗೆ ತಂದ ಮೇಲೆ ಗೊತ್ತಾದರೆ ಅದನ್ನು ತೆಗೆಸಲು ಪಡಬಾರದ ಪಾಡು. ಒಳಗಿರುವ ಡಿಸ್ಕ್ ನಂಬಬೇಡಿ, ಹೊಸ ಎಸ್‌ಎಸ್‌ಡಿ ಹಾಕಿ.

ಸುಮ್ಮನೆ ಕೂತಿರುವಾಗ ನನ್ನ ಯಂತ್ರ ಸುಮಾರು 10 ವ್ಯಾಟ್ ಎಳೆಯುತ್ತದೆ. ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ ಇರುವವರು ಮಾತ್ರ ಒಮ್ಮೆ ಲೆಕ್ಕ ಹಾಕಿ. 200ರ ಅಂಚಿನಲ್ಲಿದ್ದರೆ ಈ 7 ಯೂನಿಟ್ಟೇ ನಿಮ್ಮನ್ನು ಪೂರ್ತಿ ಬಿಲ್ಲಿನ ಕಡೆ ತಳ್ಳಬಹುದು.

ಕರೆಂಟ್ ಹೋಗಿ ಬರುವುದು ನಮ್ಮಲ್ಲಿ ಸುದ್ದಿಯೇ ಅಲ್ಲ. ಅದಕ್ಕೆ ಮೊದಲು ಬಯೋಸ್‌ಗೆ ಹೋಗಿ, ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗುವ ಆಯ್ಕೆಯನ್ನು ಹಾಕಿ. ಇಲ್ಲದಿದ್ದರೆ ನೀವು ಮದುವೆಗೆ ಅಂತ ಊರಿಗೆ ಹೋದಾಗ ಸರ್ವರ್ ಮಲಗಿರುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇರುತ್ತದೆ, ಅದರಲ್ಲಿಡಿ. ಸಾಮಾನ್ಯ ಮೋಡ್‌ನಲ್ಲಿ ಲೈನ್ ಬದಲಾಗುವಷ್ಟರಲ್ಲಿ ಯಂತ್ರ ರೀಸ್ಟಾರ್ಟ್ ಆಗಿಬಿಡಬಹುದು. ರೂಟರ್ ಮತ್ತು ಫೈಬರ್ ಪೆಟ್ಟಿಗೆಯೂ ಅದೇ ಲೈನಿನಲ್ಲಿರಲಿ. ಮಲೆನಾಡು, ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ, ಗುಡುಗು ಶುರುವಾದರೆ ಪ್ಲಗ್ ಕೀಳುವುದೇ ವಾಸಿ.

ಡೆಬಿಯನ್ ಹಾಕುವುದು, ಡಿಸ್ಕಿಗೆ ಬೀಗ

ಡೆಬಿಯನ್ ಅನ್ನುವ ಲಿನಕ್ಸ್‌ನ ಸ್ಟೇಬಲ್ (ಪರೀಕ್ಷೆ ಮುಗಿದ) ಆವೃತ್ತಿ ಹಾಕಿ. 2025ರ ಆಗಸ್ಟ್‌ನಲ್ಲಿ ಬಂದ 13 ಸಾಕು. ಡೆಸ್ಕ್‌ಟಾಪ್ ಬೇಡ, ಎಸ್‌ಎಸ್‌ಎಚ್ ಸರ್ವರ್ ಮಾತ್ರ ಟಿಕ್ ಮಾಡಿ. ರೂಟ್ (ಯಂತ್ರದ ಪೂರ್ತಿ ಅಧಿಕಾರ ಇರುವ ಖಾತೆ) ಪಾಸ್‌ವರ್ಡ್ ಕೇಳುವಾಗ ಖಾಲಿ ಬಿಟ್ಟರೆ ನಿಮ್ಮ ಯೂಸರ್‌ಗೇ ಸುಡೊ, ಅಂದರೆ ಬೇಕಾದಾಗ ರೂಟ್ ಆಗಿ ಕೆಲಸ ಮಾಡುವ, ಅಧಿಕಾರ ಸಿಗುತ್ತದೆ, ರೂಟ್ ಲಾಗಿನ್ ಮುಚ್ಚಿರುತ್ತದೆ. ನಮಗೆ ಬೇಕಾದದ್ದೂ ಅದೇ.

ಇಲ್ಲಿ ಒಂದು ಇಕ್ಕಟ್ಟು ಬರುತ್ತದೆ. ಕಳ್ಳ ಯಂತ್ರವನ್ನೇ ಎತ್ತಿಕೊಂಡು ಹೋದರೆ ಮಕ್ಕಳ ಫೋಟೋ, ಆಧಾರ್ ಸ್ಕ್ಯಾನ್ ಎಲ್ಲ ಅವನ ಪಾಲು. ಹಾಗಂತ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದರೆ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿದರೆ), ಕರೆಂಟ್ ಹೋಗಿ ಬಂದಾಗಲೆಲ್ಲ ಕೀಬೋರ್ಡ್ ಸಿಕ್ಕಿಸಿ ಪಾಸ್‌ವರ್ಡ್ ಹೊಡೆಯಬೇಕು. ನಾನು ಮಧ್ಯದ ದಾರಿ ಹಿಡಿದಿದ್ದೇನೆ. ಸಿಸ್ಟಂ ಇರುವ ಡಿಸ್ಕಿಗೆ ಬೀಗ ಇಲ್ಲ. ಫೋಟೋ, ಕಾಗದಪತ್ರ, ಡೇಟಾಬೇಸ್ ಇರುವ ಎರಡನೇ ಡಿಸ್ಕಿಗೆ ಲಿನಕ್ಸ್‌ನ ಲಕ್ಸ್ ಎನ್‌ಕ್ರಿಪ್ಶನ್ ಹಾಕಿದ್ದೇನೆ. ಕರೆಂಟ್ ಬಂದಾಗ ಯಂತ್ರ ಏಳುತ್ತದೆ, ನಾನು ಎಲ್ಲಿದ್ದರೂ ಎಸ್‌ಎಸ್‌ಎಚ್‌ನಲ್ಲಿ (ಪೋರ್ಟ್ ತೆರೆಯದೆ ಹೇಗೆ ಅನ್ನುವುದು ಮುಂದಿದೆ) ಒಳಗೆ ಹೋಗಿ ಡಿಸ್ಕಿನ ಬೀಗ ತೆಗೆಯುತ್ತೇನೆ.

ಹೀಗೆ ಮಾಡಿದರೆ ಡಾಕರ್ (ಪ್ರತಿ ಸೇವೆಯನ್ನು ಕಂಟೇನರ್ ಅನ್ನುವ ಬೇರೆ ಪೆಟ್ಟಿಗೆಯಲ್ಲಿ ಓಡಿಸುವ ಸಾಫ್ಟ್‌ವೇರ್) ಸೇವೆಗಳು ತಾವಾಗಿ ಏಳದಂತೆ ಮಾಡುವುದನ್ನು ಮರೆಯಬೇಡಿ. ಡಿಸ್ಕ್ ಇನ್ನೂ ಸೇರಿಲ್ಲದಿರುವಾಗ ಸೇವೆ ಎದ್ದರೆ, ಖಾಲಿ ಫೋಲ್ಡರ್ ಕಂಡು "ಓ, ಹೊಸ ಮನೆ" ಅಂತ ಎಲ್ಲವನ್ನೂ ಮೊದಲಿನಿಂದ ಶುರು ಮಾಡಿಬಿಡುತ್ತದೆ. ಇಮಿಚ್ ತನ್ನ ಗುರುತಿನ ಫೈಲ್ ಕಾಣದಿದ್ದರೆ ಏಳುವುದಿಲ್ಲ, ಜಾಣ. ಎಲ್ಲ ಸಾಫ್ಟ್‌ವೇರ್ ಅಷ್ಟು ಜಾಣ ಇರಲ್ಲ. ನಾನು ಬೀಗ ತೆಗೆಯುವುದು, ಡಿಸ್ಕ್ ಸೇರಿಸುವುದು, ಸೇವೆ ಎಬ್ಬಿಸುವುದು ಮೂರನ್ನೂ ಒಂದೇ ಚಿಕ್ಕ ಸ್ಕ್ರಿಪ್ಟಿನಲ್ಲಿ ಬರೆದಿಟ್ಟಿದ್ದೇನೆ.

ಎಸ್‌ಎಸ್‌ಎಚ್‌ಗೆ ಕೀಲಿ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಡಿ25519 ಮಾದರಿಯ ಕೀ ಮಾಡಿಕೊಳ್ಳಿ, ಅದಕ್ಕೊಂದು ಪಾಸ್‌ಫ್ರೇಸ್ ಇರಲಿ. ಅದರ ಪಬ್ಲಿಕ್ ಭಾಗವನ್ನು ಸರ್ವರ್‌ಗೆ ಕಳಿಸಿ. ಕೀ ಬಳಸಿ ಲಾಗಿನ್ ಆಗುತ್ತಿದೆ ಅಂತ ಖಾತ್ರಿಯಾದ ಮೇಲೆ ಪಾಸ್‌ವರ್ಡ್ ಲಾಗಿನ್ ಅನ್ನೇ ಮುಚ್ಚಿ. ಮುಚ್ಚುವಾಗ ಈಗಿರುವ ಕಿಟಕಿ ತೆರೆದೇ ಇರಲಿ, ಎರಡನೇ ಕಿಟಕಿಯಿಂದ ಪರೀಕ್ಷಿಸಿ. ಇಲ್ಲದಿದ್ದರೆ ಬೀಗ ಹಾಕಿಕೊಂಡು ಕೀ ಒಳಗೇ ಬಿಟ್ಟ ಹಾಗಾಗುತ್ತದೆ.

ಬಹಳ ಜನ ಎಡವುವುದು ಇಲ್ಲಿ: ಮುಖ್ಯ ಸೆಟ್ಟಿಂಗ್ ಫೈಲಿನಲ್ಲಿ ಪಾಸ್‌ವರ್ಡ್ ಬೇಡ ಅಂತ ಬರೆದಿರುತ್ತಾರೆ, ಆದರೆ ಪಕ್ಕದ ಫೋಲ್ಡರ್‌ನಲ್ಲಿರುವ ಇನ್ನೊಂದು ಚಿಕ್ಕ ಫೈಲ್ ಬೇಕು ಅನ್ನುತ್ತಿರುತ್ತದೆ. ಎಸ್‌ಎಸ್‌ಎಚ್ ಮೊದಲು ಕಂಡ ಮಾತನ್ನೇ ಕೇಳುತ್ತದೆ, ಆ ಚಿಕ್ಕ ಫೈಲನ್ನು ಮೊದಲು ಓದುತ್ತದೆ. ಬಾಡಿಗೆ ಸರ್ವರ್‌ಗಳಲ್ಲಿ ಇದು ಜಾಸ್ತಿ. ಫೈಲ್ ನೋಡಿ ನಂಬಬೇಡಿ. ಎಸ್‌ಎಸ್‌ಎಚ್‌ಡಿಗೆ (ಸರ್ವರ್ ಕಡೆಯ ಎಸ್‌ಎಸ್‌ಎಚ್ ಪ್ರೋಗ್ರಾಂ) ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವ ಸೆಟ್ಟಿಂಗ್ ಅಷ್ಟನ್ನೂ ಹೇಳುತ್ತದೆ, ಅದನ್ನು ನೋಡಿ.

ಅಪ್‌ಡೇಟ್ ಅನ್ನುವ ಬೇಸರದ ಕೆಲಸ

ಲಾಸ್ಟ್‌ಪಾಸ್ ಕಥೆ ಗೊತ್ತಿರಬಹುದು. 2022ರಲ್ಲಿ ಆ ಪಾಸ್‌ವರ್ಡ್ ಕಂಪನಿಯ ಗ್ರಾಹಕರ ವಾಲ್ಟ್ (ಪಾಸ್‌ವರ್ಡ್ ಪೆಟ್ಟಿಗೆ) ಬ್ಯಾಕಪ್‌ಗಳೇ ಕಳುವಾದವು. ಕಳ್ಳರು ಬಂದ ದಾರಿಯೇ ನನಗೆ ಪಾಠ. ಕಂಪನಿಯ ಒಬ್ಬ ಹಿರಿಯ ಎಂಜಿನಿಯರ್ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಸಿನಿಮಾ ನೋಡಲು ಪ್ಲೆಕ್ಸ್ ಮೀಡಿಯಾ ಸರ್ವರ್ ಇಟ್ಟುಕೊಂಡಿದ್ದರು. ಅದರಲ್ಲಿದ್ದ ತೂತಿನ ಮೂಲಕ ಬಂದವರು ಕೀಲಾಗರ್ (ಟೈಪ್ ಮಾಡಿದ್ದನ್ನೆಲ್ಲ ಕದಿಯುವ ಪ್ರೋಗ್ರಾಂ) ಹಾಕಿ, ಕಂಪನಿಯ ವಾಲ್ಟಿಗೆ ಅವರು ಬಳಸುತ್ತಿದ್ದ ಮಾಸ್ಟರ್ ಪಾಸ್‌ವರ್ಡ್ ಹಿಡಿದರು. ಆ ತೂತನ್ನು ಪ್ಲೆಕ್ಸ್ 2020ರ ಮೇ ತಿಂಗಳಲ್ಲೇ ಮುಚ್ಚಿತ್ತು. ಎಂಜಿನಿಯರ್ ಅಪ್‌ಡೇಟ್ ಮಾಡಿರಲಿಲ್ಲ. ಆಮೇಲೆ 75ರಷ್ಟು ಆವೃತ್ತಿ ಬಂದುಹೋಗಿದ್ದವು ಅಂತ ಪ್ಲೆಕ್ಸ್‌ನವರು ಹೇಳಿದರು. ಸಿನಿಮಾ ನೋಡುವ ಪೆಟ್ಟಿಗೆ ತಾನೇ, ಅದರಲ್ಲಿ ಏನಿದೆ ಮಹಾ ಅನ್ನಿಸುತ್ತೆ ಅಲ್ವಾ? ಅದೇ ಯಂತ್ರದಲ್ಲಿ ಇನ್ನೇನಿದೆ ಅನ್ನುವುದನ್ನು ನೋಡಬೇಕು.

ಡೆಬಿಯನ್‌ನಲ್ಲಿ ಅನಟೆಂಡೆಡ್ ಅಪ್‌ಗ್ರೇಡ್ಸ್ ಅನ್ನುವ ಪ್ಯಾಕೇಜ್ ಹಾಕಿದರೆ ಭದ್ರತೆಯ ತೇಪೆಗಳು ದಿನವೂ ತಾವಾಗಿ ಬರುತ್ತವೆ. ಕರ್ನಲ್ (ಲಿನಕ್ಸ್‌ನ ತಿರುಳು) ಬದಲಾದರೆ ರೀಬೂಟ್ ಆಗುವವರೆಗೆ ಹಳೆಯದೇ ಓಡುತ್ತಿರುತ್ತದೆ. ನಾನು ಭಾನುವಾರ ತಿಂಡಿ ಆದ ಮೇಲೆ ರೀಬೂಟ್ ಮಾಡಿ ಡಿಸ್ಕಿನ ಬೀಗ ತೆಗೆಯುತ್ತೇನೆ.

"ತಾನಾಗಿ ಬರುವ ಅಪ್‌ಡೇಟ್‌ನಲ್ಲೇ ವಿಷ ಇದ್ದರೆ?" ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝೆಡ್ ಅನ್ನುವ ಚಿಕ್ಕ ಲೈಬ್ರರಿಯಲ್ಲಿ ಹಿಂಬಾಗಿಲು ಸಿಕ್ಕಿತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಎಂಜಿನಿಯರ್ ಕೆದಕಿದ್ದರಿಂದ ಹೊರಬಿತ್ತು. ಆದರೆ ಅದು ಡೆಬಿಯನ್‌ನ ಟೆಸ್ಟಿಂಗ್, ಅನ್‌ಸ್ಟೇಬಲ್‌ವರೆಗೆ ಬಂದಿತ್ತು, ಸ್ಟೇಬಲ್‌ಗೆ ಮುಟ್ಟಿರಲಿಲ್ಲ. ಮನೆ ಸರ್ವರ್‌ಗೆ ಸ್ಟೇಬಲ್ಲೇ ಇರಲಿ ಅನ್ನುವುದು ಇದಕ್ಕೇ.

ಡಾಕರ್, ಮತ್ತು ಫೈರ್‌ವಾಲ್ ಇದ್ದೂ ಇಲ್ಲದಂತಾಗುವುದು

ಯುಎಫ್‌ಡಬ್ಲ್ಯು ಫೈರ್‌ವಾಲ್ ಹಾಕಿ, ಒಳಬರುವುದೆಲ್ಲ ಬೇಡ ಅನ್ನಿ, ಮನೆಯ ನೆಟ್‌ವರ್ಕಿನಿಂದ ಎಸ್‌ಎಸ್‌ಎಚ್‌ಗೆ ಮಾತ್ರ ಬಿಡಿ. ಇಷ್ಟು ಸುಲಭ. ಇನ್ನು ಡಾಕರ್ ಹಾಕಿ ಇಮಿಚ್ ಎಬ್ಬಿಸಿ. ಪಕ್ಕದ ಲ್ಯಾಪ್‌ಟಾಪಿನಿಂದ 2283ನೇ ಪೋರ್ಟಿಗೆ ಹೋದರೆ ಇಮಿಚ್ ತೆರೆದುಕೊಳ್ಳುತ್ತದೆ! ಫೈರ್‌ವಾಲ್ ಬೇಡ ಅಂದಿತ್ತಲ್ಲ?

ಡಾಕರ್ ತನ್ನ ಪೋರ್ಟುಗಳಿಗೆ ತಾನೇ ಐಪಿಟೇಬಲ್ಸ್ (ಲಿನಕ್ಸ್‌ನ ಒಳಗಿನ ಫೈರ್‌ವಾಲ್) ನಿಯಮ ಬರೆದುಕೊಳ್ಳುತ್ತದೆ. ಆ ದಾರಿಯಲ್ಲಿ ಬಂದವರು ಯುಎಫ್‌ಡಬ್ಲ್ಯು ಕಾವಲುಗಾರನ ಕಣ್ಣಿಗೇ ಬೀಳುವುದಿಲ್ಲ. ಮನೆಯೊಳಗೆ ಇದರಿಂದ ದೊಡ್ಡ ಅಪಾಯ ಇಲ್ಲ ಅನ್ನಿಸಬಹುದು, ಆದರೆ ಅದೇ ಕಂಪೋಸ್ ಫೈಲನ್ನು (ಯಾವ ಸೇವೆ ಹೇಗೆ ಓಡಬೇಕು ಅಂತ ಡಾಕರ್‌ಗೆ ಹೇಳುವ ಫೈಲ್) ನಾಳೆ ಬಾಡಿಗೆ ಸರ್ವರ್‌ಗೆ ಒಯ್ದರೆ ಪಾಸ್‌ವರ್ಡ್ ಇಲ್ಲದ ಡೇಟಾಬೇಸ್ ಬೀದಿಯಲ್ಲಿ ನಿಂತಿರುತ್ತದೆ. ಅದಕ್ಕೆ ಕಂಪೋಸ್ ಫೈಲಿನಲ್ಲಿ ಪೋರ್ಟ್ ಬರೆಯುವ ಕಡೆಯೆಲ್ಲ ಮುಂದೆ 127.0.0.1 ಸೇರಿಸಿ. ಆಗ ಆ ಸೇವೆ ಅದೇ ಯಂತ್ರಕ್ಕೆ ಮಾತ್ರ ಕಾಣುತ್ತದೆ. ಡೇಟಾಬೇಸ್‌ಗೆ ಪೋರ್ಟ್ ಸಾಲೇ ಬೇಡ, ಒಂದೇ ಕಂಪೋಸ್ ಫೈಲಿನ ಸೇವೆಗಳು ಒಳಗೊಳಗೇ ಮಾತಾಡಿಕೊಳ್ಳುತ್ತವೆ.

ಇನ್ನು ಆವೃತ್ತಿಯ ವಿಷಯ. ಲೇಟೆಸ್ಟ್ ಅಂತ ಬರೆದು ಬಿಟ್ಟುಬಿಡುವುದು ಸೋಮಾರಿತನ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಲೇಟೆಸ್ಟ್ ಅಂತ ಕೊಟ್ಟಿದ್ದರೆ, ಅದು ಒಂದು ದಿನ 16ರಿಂದ 17ಕ್ಕೆ ಜಿಗಿಯುತ್ತದೆ, ಹಳೇ ಡೇಟಾ ಕಂಡು ಇದು ನನ್ನದಲ್ಲ ಅಂತ ಏಳುವುದೇ ಇಲ್ಲ. ನಿಖರ ಸಂಖ್ಯೆ ಬರೆಯಿರಿ. ಇಮಿಚ್‌ನಂಥ ದೊಡ್ಡ ಸೇವೆಯನ್ನು ಏನು ಬದಲಾಗಿದೆ ಅಂತ ಓದಿ, ಬ್ಯಾಕಪ್ ಆಗಿದೆ ಅಂತ ನೋಡಿ, ಕೈಯಾರೆ ಅಪ್‌ಡೇಟ್ ಮಾಡಿ. ಹೊರಗೆ ಕಾಣದ ಸೇವೆಗೆ ಎರಡು ವಾರ ತಡವಾದರೂ ನಡೆಯುತ್ತದೆ, ಬಾಗಿಲು ಮುಚ್ಚಿದ್ದರಿಂದ ಸಿಕ್ಕ ಸಮಯ ಅದು.

ಯಾವುದೋ ಸೇವೆ ಡಾಕರ್ ಸಾಕೆಟ್ (ಡಾಕರ್‌ಗೇ ಆಜ್ಞೆ ಕೊಡುವ ದಾರಿ) ಬೇಕು, ಪ್ರಿವಿಲೇಜ್ಡ್ (ಕಟ್ಟುಪಾಡಿಲ್ಲದ) ಅಧಿಕಾರ ಬೇಕು ಅಂದರೆ ಸ್ವಲ್ಪ ನಿಂತು ಯೋಚಿಸಿ. ಸಾಕೆಟ್ ಕೊಡುವುದೂ ಇಡೀ ಯಂತ್ರದ ರೂಟ್ ಅಧಿಕಾರ ಕೊಡುವುದೂ ಒಂದೇ.

ಹೊರಗಿನಿಂದ ನೋಡುವುದು ಹೇಗೆ

ಮೊದಲು ನಿಮ್ಮ ಲೈನ್ ಎಂಥದ್ದು ನೋಡಿ. ರೂಟರ್ ಪುಟದಲ್ಲಿ ಕಾಣುವ ವ್ಯಾನ್ (ಹೊರಗಿನ ಕಡೆಯ) ಐಪಿಯೂ, ನನ್ನ ಐಪಿ ಏನು ಅಂತ ಹುಡುಕಿದರೆ ಬರುವ ಐಪಿಯೂ ಬೇರೆಬೇರೆ ಇದ್ದರೆ, ಅದರಲ್ಲೂ ರೂಟರ್‌ನದು 100.64ರಿಂದ 100.127ರ ನಡುವೆ ಶುರುವಾದರೆ, ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಒಂದೇ ಐಪಿಯನ್ನು ಎಷ್ಟೋ ಮನೆಗಳಿಗೆ ಹಂಚಿದ್ದಾರೆ ಅಂತ ಅರ್ಥ. ಪೋರ್ಟ್ ಫಾರ್ವರ್ಡ್ ಅಲ್ಲಿ ಕೆಲಸವನ್ನೇ ಮಾಡಲ್ಲ. ಜನ ಇದಕ್ಕೆ ಬೈಯುತ್ತಾರೆ, ನನಗಂತೂ ಪುಕ್ಕಟೆ ಗೋಡೆ ಸಿಕ್ಕಿತು ಅನ್ನಿಸುತ್ತದೆ.

ಟೇಲ್‌ಸ್ಕೇಲ್ ಅನ್ನುವ ಸೇವೆ ಈ ಗೋಡೆಯನ್ನು ದಾಟುತ್ತದೆ. ಕೆಳಗೆ ವೈರ್‌ಗಾರ್ಡ್ ಓಡುತ್ತದೆ, 2020ರಲ್ಲಿ ಲಿನಕ್ಸ್ ಕರ್ನಲ್‌ನ 5.6ನೇ ಆವೃತ್ತಿಗೆ ಸೇರಿದ ವಿಪಿಎನ್ (ಎನ್‌ಕ್ರಿಪ್ಟ್ ಆದ ಖಾಸಗಿ ಸುರಂಗ). ಸರ್ವರ್‌ಗೂ ಮನೆಯವರ ಫೋನುಗಳಿಗೂ ಹಾಕಿದರೆ ಎಲ್ಲವೂ ಒಂದೇ ಖಾಸಗಿ ಓಣಿಯಲ್ಲಿದ್ದ ಹಾಗೆ. ಮೇಲೆ 127.0.0.1ಕ್ಕೆ ಕಟ್ಟಿದ ಸೇವೆಯನ್ನು ಓಣಿಗೆ ತೋರಿಸಲು ಟೇಲ್‌ಸ್ಕೇಲ್ ಸರ್ವ್ ಅನ್ನುವ ಸೌಲಭ್ಯ ಬಳಸಿ, ಎಚ್‌ಟಿಟಿಪಿಎಸ್ ಪ್ರಮಾಣಪತ್ರವನ್ನೂ ಅದೇ ತಂದುಕೊಡುತ್ತದೆ. ಅದರ ಪಕ್ಕದಲ್ಲೇ ಫನಲ್ ಅನ್ನುವ ಇನ್ನೊಂದಿದೆ, ಅದು ಇಡೀ ಜಗತ್ತಿಗೆ ತೋರಿಸುತ್ತದೆ. ಎರಡನ್ನೂ ಕಲಸಿಕೊಳ್ಳಬೇಡಿ.

ಇಲ್ಲಿ ನಾನು ಕಲಿತ ಮೂರು ಸಂಗತಿ. ಒಂದು, ಟೇಲ್‌ಸ್ಕೇಲ್ ಕೀ ಮಾಮೂಲಿಯಾಗಿ 180 ದಿನಕ್ಕೆ ಅವಧಿ ಮುಗಿಯುತ್ತದೆ. ನೀವು ದೂರದಲ್ಲಿರುವಾಗಲೇ ಸರ್ವರ್ ಓಣಿಯಿಂದ ಕಾಣೆಯಾಗುತ್ತದೆ. ಸರ್ವರ್‌ಗೆ ಮಾತ್ರ ಆ ಅವಧಿಯನ್ನು ತೆಗೆದುಹಾಕಿ, ಫೋನುಗಳಿಗೆ ಇರಲಿ. ಎರಡು, ಟೇಲ್‌ಸ್ಕೇಲ್‌ಗೆ ನೀವು ಯಾವ ಮೇಲ್ ಖಾತೆಯಿಂದ ಹೋಗುತ್ತೀರೋ ಅದೇ ಈಗ ನಿಮ್ಮ ಮನೆಯ ಮುಂಬಾಗಿಲು. ಅದಕ್ಕೆ ಎರಡು ಹಂತದ ಭದ್ರತೆ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದು ನೀರಿನಲ್ಲಿ ಹೋಮ. ಮೂರು, ಪ್ರಮಾಣಪತ್ರ ಪಡೆದ ಪ್ರತಿ ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ, ಯಾರು ಬೇಕಾದರೂ ಹುಡುಕಬಹುದು. ಯಂತ್ರಕ್ಕೆ ಮನೆತನದ ಹೆಸರು, ಮನೆ ನಂಬರ್ ಇಡಬೇಡಿ. ನನ್ನದರ ಹೆಸರು ಗುಬ್ಬಿ.

ನಡುವೆ ಬೇರೆ ಕಂಪನಿಯ ನೆರವೇ ಬೇಡ ಅನ್ನುವವರು ನೇರವಾಗಿ ವೈರ್‌ಗಾರ್ಡ್ ಹಾಕಬಹುದು, ಆದರೆ ಆಗ ಒಂದು ಯುಡಿಪಿ ಪೋರ್ಟ್ ತೆರೆಯಬೇಕು, ಸಿಜಿನ್ಯಾಟ್ ಇರಬಾರದು. ಸರಿಯಾದ ಕೀ ಇಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡದ ಕಾರಣ ಅದೂ ಕೆಟ್ಟ ದಾರಿಯಲ್ಲ. ಕ್ಲೌಡ್‌ಫ್ಲೇರ್ ಕಂಪನಿಯ ಮೂಲಕ ಹಾದು ಬರುವ ಟನಲ್ ಸೇವೆ ಫೋಟೋ ಕೆಲಸಕ್ಕೆ ನನಗೆ ಹಿಡಿಸಲಿಲ್ಲ. ಉಚಿತ ಯೋಜನೆಯಲ್ಲಿ ಒಂದು ಸಲಕ್ಕೆ 100 ಎಂಬಿಗಿಂತ ದೊಡ್ಡದನ್ನು ಏರಿಸಲು ಬಿಡುವುದಿಲ್ಲ, ಮಗುವಿನ ಹುಟ್ಟುಹಬ್ಬದ ವಿಡಿಯೋ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎನ್‌ಕ್ರಿಪ್ಶನ್ ಕೂಡ ಅವರ ಹತ್ತಿರ ಬಿಚ್ಚಿಕೊಂಡು ಮುಂದೆ ಬರುತ್ತದೆ.

ಐಪಿವಿ6 ಬಗ್ಗೆ ಒಂದು ಮಾತು. ಸಿಜಿನ್ಯಾಟ್ ಇದ್ದರೂ ಎಷ್ಟೋ ಲೈನುಗಳಲ್ಲಿ ಐಪಿವಿ6 (ಹೊಸ ಮಾದರಿಯ ವಿಳಾಸ) ಇರುತ್ತದೆ, ಅದರಲ್ಲಿ ಮನೆಯ ಪ್ರತಿ ಯಂತ್ರಕ್ಕೂ ಸ್ವಂತ ಸಾರ್ವಜನಿಕ ವಿಳಾಸ. ಇಡೀ ಮನೆಯನ್ನು ಕಾಯುವುದು ರೂಟರ್‌ನ ಐಪಿವಿ6 ಫೈರ್‌ವಾಲ್. ಅದು ಆನ್ ಇದೆಯಾ ನೋಡಿ. ವೈಫೈ, ಟೇಲ್‌ಸ್ಕೇಲ್ ಎರಡೂ ಆಫ್ ಮಾಡಿ ಫೋನ್ ಡೇಟಾದಿಂದ ಸರ್ವರ್‌ನ ಐಪಿವಿ6 ವಿಳಾಸ ತೆರೆಯಲು ಯತ್ನಿಸಿ. ತೆರೆಯಬಾರದು.

ರೂಟರ್

ಇದು ಹತ್ತು ನಿಮಿಷದ ಕೆಲಸ, ಆದರೂ ಯಾರೂ ಮಾಡಲ್ಲ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ. 2016ರ ಮಿರಾಯ್ ಬಾಟ್‌ನೆಟ್ (ಸೆರೆಸಿಕ್ಕ ಸಾಧನಗಳ ಪಡೆ) ಬೆಳೆದದ್ದು ಜಾಣತನದಿಂದಲ್ಲ, ಕಾರ್ಖಾನೆಯಿಂದ ಬಂದ 60 ಚಿಲ್ಲರೆ ಯೂಸರ್ ಪಾಸ್‌ವರ್ಡ್ ಜೋಡಿಗಳನ್ನು ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಮೇಲೆ ಒಂದೊಂದಾಗಿ ಹಾಕಿ ನೋಡಿದ್ದರಿಂದ. ಯುಪಿಎನ್‌ಪಿ ಆಫ್ ಮಾಡಿ, ಇಲ್ಲದಿದ್ದರೆ ಮನೆಯೊಳಗಿನ ಯಾವ ಸಾಧನ ಬೇಕಾದರೂ ನಿಮ್ಮನ್ನು ಕೇಳದೆ ಪೋರ್ಟ್ ತೆರೆಸಿಕೊಳ್ಳುತ್ತದೆ. ಹೊರಗಿನಿಂದ ರೂಟರ್ ನಿರ್ವಹಿಸುವ ಆಯ್ಕೆ ಆಫ್ ಇರಲಿ. ಕ್ಯಾಮೆರಾ, ಟಿವಿ, ಸ್ಮಾರ್ಟ್ ಬಲ್ಬು ಎಲ್ಲವನ್ನೂ ಗೆಸ್ಟ್ ವೈಫೈಗೆ ಕಳಿಸಿ. ಅತಿಥಿಗಳಿಗಿಂತ ಅವಕ್ಕೇ ಅದು ಹೆಚ್ಚು ಬೇಕು.

ಬ್ಯಾಕಪ್

ಒಂದು ಡಿಸ್ಕ್ ಸತ್ತರೆ ಇನ್ನೊಂದು ಇರಲಿ ಅಂತ ಎರಡನ್ನು ಜೋಡಿಸಿ ರೇಡ್ ಮಾಡುತ್ತಾರೆ. ಅದು ಬ್ಯಾಕಪ್ ಅಲ್ಲ. ನೀವು ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ, ರ‍್ಯಾನ್ಸಂವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ) ಬಂದರೆ ಎರಡಕ್ಕೂ ಬರುತ್ತದೆ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ‍್ಯಾನ್ಸಂವೇರ್ ಇಂಟರ್ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್) ಪೆಟ್ಟಿಗೆಗಳ ಮೇಲೆ ಬಿದ್ದಾಗ, ಡಿಸ್ಕ್ ಎಷ್ಟಿದ್ದರೂ ಲೆಕ್ಕಕ್ಕೆ ಬರಲಿಲ್ಲ.

ನಾನು ರೆಸ್ಟಿಕ್ ಅನ್ನುವ ಬ್ಯಾಕಪ್ ಸಾಧನ ಬಳಸುತ್ತೇನೆ. ಕಳಿಸುವ ಮೊದಲೇ ಎನ್‌ಕ್ರಿಪ್ಟ್ ಮಾಡುತ್ತದೆ, ಬದಲಾದದ್ದನ್ನು ಮಾತ್ರ ಕಳಿಸುತ್ತದೆ. ದಿನವೂ ರಾತ್ರಿ ಕ್ಲೌಡ್‌ನ ಒಂದು ಬಾಡಿಗೆ ಜಾಗಕ್ಕೆ ಹೋಗುತ್ತದೆ. ವಾರಕ್ಕೊಮ್ಮೆ ಹೊರಗಿನ ಯುಎಸ್‌ಬಿ ಡಿಸ್ಕಿಗೆ. ಆ ಡಿಸ್ಕನ್ನು ಕೆಲಸ ಮುಗಿದ ಮೇಲೆ ಕಿತ್ತು ಬೀರುವಿನಲ್ಲಿಡುತ್ತೇನೆ, ಸದಾ ಸಿಕ್ಕಿಸಿಟ್ಟ ಡಿಸ್ಕು ಯಂತ್ರದ ಜೊತೆಗೇ ಕೆಡುತ್ತದೆ. ಅಂಥದ್ದೇ ಇನ್ನೊಂದು ಡಿಸ್ಕು ಊರಿನಲ್ಲಿ ಅಪ್ಪನ ಮನೆಯಲ್ಲಿದೆ. ಯುಗಾದಿಗೆ, ದೀಪಾವಳಿಗೆ ಹೋದಾಗ ಅದಲು ಬದಲು. ಬಸ್ಸಿನಲ್ಲಿ ಕಳೆದುಹೋದರೂ ಒಳಗಿರುವುದು ಯಾರಿಗೂ ಕಾಣದು. ಹೊಸಬರು ಕ್ಲೌಡ್ ಬಿಟ್ಟು ಎರಡು ಡಿಸ್ಕಿನಿಂದಲೇ ಶುರು ಮಾಡಿ, ತಪ್ಪೇನಿಲ್ಲ.

ಇಮಿಚ್‌ನಲ್ಲಿ ಫೋಟೋ ಫೈಲು ಬೇರೆ, ಆಲ್ಬಂ, ಮುಖ, ಹೆಸರುಗಳಿರುವ ಡೇಟಾಬೇಸ್ ಬೇರೆ. ಫೈಲು ಮಾತ್ರ ಉಳಿಸಿದರೆ ಚೀಲದ ತುಂಬ ಫೋಟೋ ಸಿಗುತ್ತದೆ, ಆಲ್ಬಂ ಸಿಗಲ್ಲ. ಓಡುತ್ತಿರುವ ಡೇಟಾಬೇಸ್ ಫೋಲ್ಡರನ್ನು ನೇರ ನಕಲು ಮಾಡಿದರೆ ಅದು ಅರ್ಧಂಬರ್ಧ ಬರಬಹುದು, ಡಂಪ್ (ಪೂರ್ತಿ ಡೇಟಾಬೇಸನ್ನು ಒಂದು ಫೈಲಿಗೆ ಬರೆಸಿದ ನಕಲು) ತೆಗೆಯಬೇಕು. ಇಮಿಚ್ ತಾನೇ ರಾತ್ರಿ 2 ಗಂಟೆಗೆ ಒಂದು ಡಂಪ್ ತೆಗೆದು ಫೋಟೋಗಳ ಪಕ್ಕದ ಫೋಲ್ಡರ್‌ನಲ್ಲಿಡುತ್ತದೆ. ರೆಸ್ಟಿಕ್ ಅದಾದ ಮೇಲೆ, 3 ಗಂಟೆಗೆ ಓಡಲಿ.

ಪೇಪರ್‌ಲೆಸ್‌ಗೆ ನಾನೇ ಡಂಪ್ ಸ್ಕ್ರಿಪ್ಟ್ ಬರೆದಿದ್ದೆ. ನಡುವೆ ಕಂಟೇನರ್ ಹೆಸರು ಬದಲಾಯಿಸಿದ್ದು ಮರೆತು, ನಾಲ್ಕು ತಿಂಗಳು ಅದು ದಿನವೂ ಶ್ರದ್ಧೆಯಿಂದ ಸೊನ್ನೆ ಬೈಟಿನ ಫೈಲ್ ಉಳಿಸುತ್ತಿತ್ತು. ತಾರೀಖು ಸರಿ, ಹೆಸರು ಸರಿ, ಒಳಗೆ ಏನೂ ಇಲ್ಲ. ಪರೀಕ್ಷೆಗೆ ಅಂತ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಎಬ್ಬಿಸಲು ಹೋದಾಗ ಗೊತ್ತಾಯಿತು. ಅವತ್ತಿನಿಂದ ಮೂರು ತಿಂಗಳಿಗೊಮ್ಮೆ ಇದು ಕ್ಯಾಲೆಂಡರಿನಲ್ಲಿದೆ: ಸರ್ವರ್ ಇಲ್ಲವೇ ಇಲ್ಲ ಅಂದುಕೊಂಡು, ಬೀರುವಿನ ಡಿಸ್ಕಿನಿಂದ ಖಾಲಿ ಯಂತ್ರದಲ್ಲಿ ಎಲ್ಲ ಎಬ್ಬಿಸಿ, ಹಳೇ ಫೋಟೋ ಒಂದನ್ನು ತೆರೆದು ನೋಡುವುದು. ಒಮ್ಮೆಯಾದರೂ ಹೀಗೆ ಎಬ್ಬಿಸುವವರೆಗೆ ಫೋನಿನಿಂದ, ಗೂಗಲ್‌ನಿಂದ ಒಂದು ಫೋಟೋವನ್ನೂ ಅಳಿಸಬೇಡಿ.

ಅಂದಹಾಗೆ ಗೂಗಲ್‌ನಿಂದ ಹಳೇ ಫೋಟೋ ತರಲು ಟೇಕ್‌ಔಟ್‌ನಲ್ಲಿ ಕೇಳಿದರೆ ಜಿಪ್ ಫೈಲುಗಳು ಬರುತ್ತವೆ, ತಾರೀಖು, ಸ್ಥಳದ ವಿವರ ಬೇರೆ ಫೈಲುಗಳಲ್ಲಿರುತ್ತದೆ. ಇಮಿಚ್ ಗೋ ಅನ್ನುವ ಚಿಕ್ಕ ಸಾಧನ ಎರಡನ್ನೂ ಜೋಡಿಸಿ ಏರಿಸುತ್ತದೆ. ಕೈಯಾರೆ ಮಾಡಲು ಹೋದರೆ 2009ರ ಮದುವೆ ಫೋಟೋ ಇವತ್ತಿನ ತಾರೀಖಿಗೆ ಬಂದು ಕೂರುತ್ತದೆ.

ಯಾರಾದರೂ ಒಳಗೆ ಬಂದರೆ, ನೀವು ಹೊರಗಿದ್ದರೆ

ಸರ್ವರ್ ಕೆಟ್ಟಿದ್ದನ್ನು ಅದೇ ಸರ್ವರ್ ಹೇಳಲಾರದು. ಅದರ ಮೇಲೆಯೇ ಸೇವೆಗಳ ಮೇಲೆ ಕಣ್ಣಿಡುವ ಅಪ್‌ಟೈಮ್ ಕುಮಾ ಹಾಕಿ ನಿಶ್ಚಿಂತೆಯಾಗಿರುವವರನ್ನು ನೋಡಿದ್ದೇನೆ. ಉಲ್ಟಾ ಮಾಡಿ: ಬ್ಯಾಕಪ್ ಮುಗಿದ ಮೇಲೆ ಸರ್ವರ್ ಹೊರಗಿನ ಒಂದು ಸೇವೆಗೆ ನಾನು ಬದುಕಿದ್ದೇನೆ ಅಂತ ಸುದ್ದಿ ಕಳಿಸಲಿ, ಒಂದು ದಿನ ಸುದ್ದಿ ಬರದಿದ್ದರೆ ಆ ಸೇವೆ ನಿಮಗೆ ಮೆಸೇಜ್ ಹಾಕಲಿ. ಹೆಲ್ತ್‌ಚೆಕ್ಸ್ ಅನ್ನುವುದು ಇದಕ್ಕೇ ಇದೆ. ಡಿಸ್ಕ್ ತುಂಬುತ್ತಿರುವುದನ್ನೂ ಇದಕ್ಕೇ ಕಟ್ಟಬಹುದು.

ಯಾರೋ ಒಳಗೆ ಬಂದಿದ್ದಾರೆ ಅನ್ನಿಸಿದರೆ ನೆಟ್‌ವರ್ಕ್ ವೈರ್ ಕಿತ್ತುಹಾಕಿ. ಮೊದಲು ಹೇಳಿದ ಆ ಮೈನರ್ (ನಾಣ್ಯ ಅಗೆಯುವ ಪ್ರೋಗ್ರಾಂ) ಬಂದಾಗ ನಾನು ಅದನ್ನು ಕೊಂದೆ, ಹತ್ತು ನಿಮಿಷಕ್ಕೆ ಮತ್ತೆ ಎದ್ದಿತು, ಮತ್ತೆ ಕೊಂದೆ. ಅವರು ಇನ್ನೆಲ್ಲಿ ಏನು ಬಿಟ್ಟುಹೋಗಿದ್ದಾರೆ ಅಂತ ಹುಡುಕಿ ಮುಗಿಸಲು ಆಗುವುದಿಲ್ಲ. ಡಿಸ್ಕ್ ಒರೆಸಿ, ಹೊಸದಾಗಿ ಹಾಕಿ, ಆ ಯಂತ್ರದಲ್ಲಿದ್ದ ಪ್ರತಿ ಪಾಸ್‌ವರ್ಡ್, ಕೀ ಬದಲಾಯಿಸಿ, ಡೇಟಾವನ್ನು ಮಾತ್ರ ಬ್ಯಾಕಪ್‌ನಿಂದ ತನ್ನಿ. ಕಂಪೋಸ್ ಫೈಲುಗಳ ನಕಲು ಬೇರೆ ಕಡೆ ಇದ್ದರೆ ಇದು ಒಂದು ಭಾನುವಾರದ ಕೆಲಸ.

ಕೊನೆಗೆ ಒಂದು ಕಾಗದ. ನಿಜವಾದ ಕಾಗದ. ಡಿಸ್ಕಿನ ಬೀಗದ ಪಾಸ್‌ವರ್ಡ್, ರೆಸ್ಟಿಕ್ ಪಾಸ್‌ವರ್ಡ್, ಟೇಲ್‌ಸ್ಕೇಲ್ ಖಾತೆ ಯಾವುದು, ಕರೆಂಟ್ ಬಂದ ಮೇಲೆ ಏನು ಮಾಡಬೇಕು, ಅಷ್ಟನ್ನೂ ಕನ್ನಡದಲ್ಲಿ ಬರೆದು ಚಿನ್ನ, ಆಸ್ತಿ ಪತ್ರ ಇಡುವ ಕಡೆ ಇಡಿ. ರೆಸ್ಟಿಕ್ ಪಾಸ್‌ವರ್ಡ್ ಕಳೆದರೆ ಬ್ಯಾಕಪ್ ಕಳೆದಂತೆಯೇ, ಯಾರೂ ತೆಗೆದುಕೊಡಲಾರರು. ಬರೆದಾದ ಮೇಲೆ ಮನೆಯವರ ಕೈಗೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು, ಅವರಿಂದಲೇ ಒಮ್ಮೆ ಸರ್ವರ್ ಎಬ್ಬಿಸಿ. ನನ್ನ ಹೆಂಡತಿ ಮೂರನೇ ಸಾಲಿನಲ್ಲೇ ನಿಂತಳು. "ಟರ್ಮಿನಲ್ ತೆರೆಯಿರಿ ಅಂತ ಬರೆದಿದ್ದೀರಿ. ಯಾವುದರಲ್ಲಿ? ನಿಮ್ಮ ಲ್ಯಾಪ್‌ಟಾಪಿನ ಪಾಸ್‌ವರ್ಡ್ ಏನು?" ಅದನ್ನು ಬರೆದೇ ಇರಲಿಲ್ಲ.